ಪ್ರೀಸ್ಟ್ರೆಸ್ಡ್ ಸೇತುವೆಗೆ ಮಾಮೂಲಿ ಕಂಬಿ ಯಾಕೆ ಆಗುವುದಿಲ್ಲ?
ಪ್ರೀಸ್ಟ್ರೆಸ್ಡ್ ಅಂದರೆ ಉಕ್ಕನ್ನು ಮೊದಲೇ ಎಳೆದು ಬಿಗಿದು ಕಾಂಕ್ರೀಟನ್ನು ಒತ್ತಡದಲ್ಲಿಟ್ಟದ್ದು. ಎಳೆದು ಕೂರಿಸಿದ ಆ ಬಿಗಿತ ಮಾಮೂಲಿ ಕಂಬಿಯಲ್ಲಿ ಉಳಿಯುವುದಿಲ್ಲ, ಅದಕ್ಕೇ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಒತ್ತಡದಲ್ಲಿದ್ದರೆ ವರ್ಷಗಟ್ಟಲೆ ಮತ್ತಷ್ಟು ಕುಗ್ಗುತ್ತದೆ, ಇದೇ ಕ್ರೀಪ್. ಎರಡೂ ಸೇರಿ ಮೀಟರಿಗೆ ಅರ್ಧ ಮಿಲಿಮೀಟರ್ ದಾಟಬಹುದು. ಮಾಮೂಲಿ ಮೆದು ಉಕ್ಕಿನ ಕಂಬಿಯನ್ನು ಸುರಕ್ಷಿತವಾಗಿ ಎಳೆಯಬಹುದಾದದ್ದೇ ಮೀಟರಿಗೆ ಸುಮಾರು 1 ಮಿಲಿಮೀಟರ್. ಕಾಂಕ್ರೀಟಿನ ಜೊತೆ ಕಂಬಿಯೂ ಕುಗ್ಗಿದರೆ ಬಿಗಿತದ ಬಹುಪಾಲು ಹೋಯಿತು, ಅಲ್ವಾ?

ಹೈ ಟೆನ್ಸೈಲ್ ತಂತಿಯನ್ನು, ಅಂದರೆ ತುಂಬಾ ಗಟ್ಟಿಯಾದ ಉಕ್ಕಿನ ತಂತಿಯನ್ನು, ಮೀಟರಿಗೆ 6 ಮಿಲಿಮೀಟರಿನಷ್ಟು ಎಳೆಯಬಹುದು. ಅದೇ ಕುಗ್ಗುವಿಕೆ ಇಲ್ಲಿ ಸಣ್ಣ ನಷ್ಟ. ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆ ಈ ಕ್ರೀಪಿನ ಪಾಠ ಕಲಿತದ್ದು ತಾನೇ ಕಟ್ಟಿದ ಲೆ ವರ್ದ್ರ್ ಸೇತುವೆಯ ಕಮಾನು ಮೆಲ್ಲಗೆ ಕುಸಿಯತೊಡಗಿದಾಗ. ಜಾಕ್‌ಗಳಿಂದ ಅದನ್ನು ಮೇಲೆತ್ತಿ ಉಳಿಸಿದ! 1928ರಲ್ಲಿ ಪ್ರೀಸ್ಟ್ರೆಸ್ಸಿಂಗ್‌ಗೆ ಪೇಟೆಂಟ್ ಪಡೆದ. ಈಗಿನ ವಿನ್ಯಾಸಕಾರರು ಗರ್ಡರನ್ನು (ಸೇತುವೆಯ ತೊಲೆಯನ್ನು) ಎರಡು ಸಲ ಲೆಕ್ಕ ಹಾಕುತ್ತಾರೆ: ತಂತಿ ಎಳೆದ ದಿನಕ್ಕೆ, ನಷ್ಟವೆಲ್ಲ ಮುಗಿದ ಮೇಲಿನ ದಿನಕ್ಕೆ.