"ಕಾಮನ್ ತೆಗಿ" ಅಂದರೆ ಏನನ್ನು ತೆಗೆಯಬೇಕು?

ಆಪ್ತಸಲಹೆ ಪ್ರಕರಣ: 9ನೇ ತರಗತಿಯ ಹುಡುಗಿ, ಬೀಜಗಣಿತ ಮತ್ತು ಹೊಟ್ಟೆನೋವು

ತಾಯಿಯ ಕೈಯಲ್ಲಿ ದಪ್ಪ ಫೈಲು ಇತ್ತು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಜಂತಿನ ಮಾತ್ರೆಯ ಚೀಟಿ, ಎಲ್ಲವೂ ಅದರಲ್ಲಿದ್ದವು. ಎಲ್ಲ ವರದಿಯೂ ನಾರ್ಮಲ್. ಆದರೂ ಮಗಳಿಗೆ ವಾರದಲ್ಲಿ ಮೂರು ದಿನ ಬೆಳಗ್ಗೆ ಹೊಟ್ಟೆನೋವು. "ಒಂದ್ಸಲ ಕೌನ್ಸೆಲಿಂಗ್ ಮಾಡಿಸಿ ನೋಡಿ" ಎಂದು ವೈದ್ಯರೇ ಕಳಿಸಿದ್ದರು. 2024ರ ಆಗಸ್ಟ್ ತಿಂಗಳು ಅದು.

ಗುರುತು ಸಿಗಬಾರದು ಎಂದು ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಮತ್ತು ಹುಡುಗಿಯ ಒಪ್ಪಿಗೆ ಇದೆ. ಅವಳನ್ನು ಇಲ್ಲಿ ಪುಟ್ಟಿ ಎನ್ನುತ್ತೇನೆ. ಇನ್ನೊಂದು ಮಾತು: ಲೆಕ್ಕಗಳಲ್ಲಿ ಎಕ್ಸ್ ಇರುವ ಕಡೆಯೆಲ್ಲ 'ಕ' ಎಂದು ಬರೆದಿದ್ದೇನೆ. ಅವಳ ಜೊತೆಗೂ ಹಾಗೇ ಮಾಡಿದೆ. ಕಾರಣ ಮುಂದೆ ಗೊತ್ತಾಗುತ್ತದೆ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಪುಟ್ಟಿಯ ಹತ್ತಿರ ಶಾಲೆಯ ಟೈಮ್‌ಟೇಬಲ್ ಕೇಳಿದೆ. ಸೋಮವಾರ, ಬುಧವಾರ, ಶುಕ್ರವಾರ ಮೊದಲನೇ ಪೀರಿಯಡ್ ಗಣಿತ. ಹೊಟ್ಟೆನೋವಿನ ದಿನಗಳೂ ಅವೇ.

"ಲೆಕ್ಕ ಅಂದ್ರೆ ಭಯಾನಾ?"

"ಇಲ್ಲ ಮೇಡಂ. ಲೆಕ್ಕ ಇಷ್ಟ. ಆಲ್ಜಿಬ್ರಾ ಮಾತ್ರ ಆಗಲ್ಲ."

ಜೂನ್ ಕೊನೆಯಲ್ಲಿ ಅವಳನ್ನು ಬೋರ್ಡಿಗೆ ಕರೆದಿದ್ದರಂತೆ. ಬರೆದದ್ದು ತಪ್ಪಾಯಿತು. ಹಿಂದಿನ ಬೆಂಚಿನವರು ನಕ್ಕರು. "ಇದು ಎಂಟನೇ ಕ್ಲಾಸಿಂದು, ಇದೂ ಬರಲ್ವಾ" ಎಂದು ಮೇಷ್ಟ್ರು ಕೇಳಿದರು. ಅಷ್ಟೇ ನಡೆದದ್ದು. ದೊಡ್ಡವರಿಗೆ ಇದು ಏನೂ ಅಲ್ಲ. 14 ವರ್ಷದ ಮಗುವಿಗೆ ಮುಂದಿನ ಸೋಮವಾರದಿಂದ ಹೊಟ್ಟೆ ಹಿಡಿದುಕೊಳ್ಳಲು ಇಷ್ಟು ಸಾಕು.

ತಾಯಿಗೆ ಬೇರೊಂದು ಅನುಮಾನ ಇತ್ತು. "ಡಿಸ್‌ಕ್ಯಾಲ್ಕುಲಿಯಾ ಅಂತ ಇರುತ್ತಂತಲ್ಲ ಮೇಡಂ, ಯೂಟ್ಯೂಬಲ್ಲಿ ನೋಡಿದೆ." ಸಂಖ್ಯೆ, ಲೆಕ್ಕ ಕಲಿಯಲು ಕಷ್ಟವಾಗುವ ಕಲಿಕಾ ನ್ಯೂನತೆ ಅದು. ಕೇಳಿದ್ದು ತಪ್ಪಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗಳೂ ಸೇರಿವೆ. ನಿಜವಾಗಿ ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಆದರೆ ಮಾತಾಡುತ್ತಾ ಗೊತ್ತಾಯಿತು, ತಾಯಿಯ ಮಹಿಳಾ ಸಂಘದ ಪುಸ್ತಕ ಬರೆಯುವವಳೇ ಪುಟ್ಟಿ. ಯಾರ ಕಂತು ಎಷ್ಟು, ಬಡ್ಡಿ ಎಷ್ಟು, ಬಾಕಿ ಎಷ್ಟು, ಎಲ್ಲ ಬಾಯಲ್ಲೇ ಹೇಳಿದಳು. ಗಡಿಯಾರ, ಚಿಲ್ಲರೆ, ಅಳತೆ, ಯಾವುದರಲ್ಲೂ ತೊಡಕಿಲ್ಲ. ಇಂಥ ಮಗುವನ್ನು ಮೊದಲೇ ಬುದ್ಧಿಪರೀಕ್ಷೆಗೆ ಕಳಿಸುವುದು ನನಗೆ ಸರಿ ಕಾಣಲಿಲ್ಲ. "ನಾಳಿದ್ದು ಬರುವಾಗ ಗಣಿತದ ನೋಟ್ಸ್, ಟೆಸ್ಟ್ ಪೇಪರ್ ತಗೊಂಡು ಬಾ" ಎಂದೆ.

ನೋಟ್ಸ್ ಮುದ್ದಾಗಿತ್ತು. ಹೋಮ್‌ವರ್ಕ್ ಎಲ್ಲ ಸರಿ, ಟೆಸ್ಟ್ ಎಲ್ಲ ತಪ್ಪು. ಅಂದರೆ ಗೈಡ್ ನೋಡಿ ಬರೆದದ್ದು. ನಾನು ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು, ಆಮೇಲೆ ಈ ಕಡೆ ತಿರುಗಿದೆ. ಹಾಗಾಗಿ ಟೆಸ್ಟ್ ಪೇಪರನ್ನು ಅಂಕಕ್ಕಾಗಿ ಅಲ್ಲ, ತಪ್ಪಿಗಾಗಿ ಓದುವ ಚಟ ಇದೆ. ತಪ್ಪು ಸುಮ್ನೆ ಆಗುವುದಿಲ್ಲ. ಅದರ ಹಿಂದೆ ಒಂದು ಲೆಕ್ಕಾಚಾರ ಇರುತ್ತದೆ.

ಪೇಪರಿನಲ್ಲಿ 6ಕ + 6 ಅನ್ನು ಅಪವರ್ತಿಸಿ, ಅಂದರೆ ಗುಣಾಕಾರದ ರೂಪದಲ್ಲಿ ಬಿಡಿಸಿ ಬರೆಯಿರಿ, ಎಂದಿತ್ತು. ಪುಟ್ಟಿ 6(ಕ) ಎಂದು ಬರೆದಿದ್ದಳು. ಕೆಳಗೆ 5ಕ + 5 ಇತ್ತು, ಅದಕ್ಕೂ 5(ಕ). ಒಂದೇ ಥರದ ತಪ್ಪು ಎರಡು ಸಲ ಬಂದರೆ ನನಗೆ ಖುಷಿ. ಎಳೆ ಸಿಕ್ಕಿತು ಅಂತ ಅರ್ಥ.

"ಇದು ಹೇಗೆ ಮಾಡಿದೆ, ಹೇಳು."

"ಕಾಮನ್ ತೆಗೀಬೇಕು ಮೇಡಂ. ಎರಡರಲ್ಲೂ ಆರು ಇದೆ. ಇಲ್ಲಿ ಆರು ತೆಗೆದ್ರೆ ಕ ಉಳಿಯುತ್ತೆ. ಇಲ್ಲಿ ಆರರಲ್ಲಿ ಆರು ತೆಗೆದ್ರೆ ಏನೂ ಉಳಿಯಲ್ಲ."

ಒಂದು ನಿಮಿಷ ನಾನು ಸುಮ್ಮನಾದೆ. ಅವಳು ಹೇಳಿದ್ದರಲ್ಲಿ ಕನ್ನಡದ ತಪ್ಪು ಒಂದೂ ಇಲ್ಲ. ಹತ್ತರಲ್ಲಿ ಮೂರು ತೆಗೆದರೆ ಏಳು ಎಂದು ಒಂದನೇ ತರಗತಿಯಿಂದ ಕಲಿತಿದ್ದಾಳೆ. 'ತೆಗಿ' ಅಂದರೆ ಕಳೆಯುವುದು. ಬೀಜಗಣಿತದ ಕ್ಲಾಸಿನಲ್ಲಿ ಅದೇ ಮಾತು ಭಾಗಿಸುವುದಕ್ಕೆ ಬಂತು. ಹಾಗೆ ಬಂದದ್ದನ್ನು ಅವಳಿಗೆ ಯಾರೂ ಹೇಳಲಿಲ್ಲ. ಆರರಲ್ಲಿ ಆರು ಕಳೆದರೆ ಸೊನ್ನೆ, ಆರನ್ನು ಆರರಿಂದ ಭಾಗಿಸಿದರೆ ಒಂದು. ಆ ಒಂದು ಅವಳ ಉತ್ತರದಿಂದ ಬಿದ್ದುಹೋಗಿತ್ತು.

ಚಕ್ಕುಲಿಯ ಲೆಕ್ಕಕ್ಕೆ ಇಳಿದೆ. ಆರು ಡಬ್ಬಿ. ಪ್ರತಿ ಡಬ್ಬಿಯಲ್ಲೂ ಒಡೆಯದ ಒಂದು ಪ್ಯಾಕೆಟ್, ಜೊತೆಗೆ ಒಂದು ಬಿಡಿ ಚಕ್ಕುಲಿ. ಪ್ಯಾಕೆಟ್ಟಿನಲ್ಲಿ ಎಷ್ಟಿದೆಯೋ ಗೊತ್ತಿಲ್ಲ, ಅದು ಕ. ಎಲ್ಲ ಸೇರಿ ಎಷ್ಟು? "ಆರು ಕ, ಮತ್ತೆ ಆರು" ಎಂದಳು. "ನಿನ್ನ ಉತ್ತರದಲ್ಲಿ ಆರು ಬಿಡಿ ಚಕ್ಕುಲಿ ಎಲ್ಲಿ ಹೋಯ್ತು?" ಅವಳು ಪೇಪರ್ ನೋಡಿದಳು, ನನ್ನನ್ನು ನೋಡಿದಳು, ಮೊದಲ ಸಲ ನಕ್ಕಳು. ತಾನೇ ಪೆನ್ನು ತಗೊಂಡು 6(ಕ + 1) ಎಂದು ತಿದ್ದಿದಳು.

ಎಕ್ಸ್ ಬಿಟ್ಟು ಕ ಹಿಡಿದದ್ದಕ್ಕೂ ಅವಳ ನೋಟ್ಸೇ ಕಾರಣ. ಅವಳ ಕೈಬರಹದಲ್ಲಿ ಎಕ್ಸ್ ಮತ್ತು ಗುಣಾಕಾರದ ಚಿಹ್ನೆ ಒಂದೇ ಥರ ಇದ್ದವು. ಎರಡು ಎಕ್ಸ್ ಬರೆದದ್ದನ್ನು ಅವಳೇ ಆಮೇಲೆ 'ಎರಡು ಇಂಟು' ಎಂದು ಓದಿ ಮುಂದೆ ಸಂಖ್ಯೆ ಹುಡುಕುತ್ತಿದ್ದಳು. ನಮ್ಮ ಹಳೆಯ ಗಣಿತದವರು ಗೊತ್ತಿಲ್ಲದ ಸಂಖ್ಯೆಗೆ ಯಾ, ಕಾ, ನೀ ಎಂದು ಬರೆಯುತ್ತಿದ್ದರು. ಯಾವತ್ತಾವತ್, ಕಾಲಕ, ನೀಲಕ ಎಂಬ ಮಾತುಗಳ ಮೊದಲ ಅಕ್ಷರ ಅವು. ಇದನ್ನು ಹೇಳಿದಾಗ ಪುಟ್ಟಿಗೆ ಭಾರಿ ಸಮಾಧಾನ ಆಯಿತು. "ಹಂಗಾದ್ರೆ ಎಕ್ಸ್ ಕಡ್ಡಾಯ ಅಲ್ವಾ?" ಪರೀಕ್ಷೆಯಲ್ಲಿ ಎಕ್ಸ್ ಬರೆಯಲೇಬೇಕು, ನಿಜ. ಕಾಲು ಬಾಗಿಸಿ ಬರೆಯುವ ಅಭ್ಯಾಸವನ್ನು ಎರಡು ವಾರದ ನಂತರ ಮಾಡಿಸಿದೆ.

ಅದೇ ಎರಡನೇ ಭೇಟಿಯಲ್ಲಿ ಇನ್ನೂ ಕೆಳಗಿನ ಕಲ್ಲು ಅಲ್ಲಾಡುತ್ತಿರುವುದು ಕಂಡಿತು.

"12ರ ಅಪವರ್ತನ ಹೇಳು."

"12, 24, 36..."

"ಸರಿ, 12ರ ಫ್ಯಾಕ್ಟರ್ ಹೇಳು."

"ಫ್ಯಾಕ್ಟರ್ ನಂಬರಿಗೆ ಇರಲ್ಲ ಮೇಡಂ. ಎಕ್ಸ್ ಇರೋದಕ್ಕೆ ಮಾತ್ರ."

ಅವಳು 7ನೇ ತರಗತಿವರೆಗೆ ಕನ್ನಡ ಮಾಧ್ಯಮ, 8ರಿಂದ ಇಂಗ್ಲಿಷ್. ಕನ್ನಡದಲ್ಲಿ ಅಪವರ್ತನ, ಅಪವರ್ತ್ಯ ಎರಡೂ ಇವೆ. ಒಂದು ಅಕ್ಷರದ ವ್ಯತ್ಯಾಸ. 12ನ್ನು ಶೇಷವಿಲ್ಲದೆ ಭಾಗಿಸುವ 1, 2, 3, 4, 6, 12 ಅಪವರ್ತನಗಳು. 12ರ ಮಗ್ಗಿಯಲ್ಲಿ ಬರುವ 12, 24, 36 ಅಪವರ್ತ್ಯಗಳು. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ), ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಎರಡರ ಕೊನೆಗೂ ಅದೇ 'ಅ', ಅರ್ಥ ಬೇರೆ ಬೇರೆ. ಈ ಹೆಸರು ಇಟ್ಟವರ ಮೇಲೆ ನನಗೆ ಹಳೇ ಸಿಟ್ಟಿದೆ, ಇರಲಿ. ಇದನ್ನು ನಿಧಾನವಾಗಿ ಕಲಿಯಬೇಕಾದ್ದು 5ನೇ ತರಗತಿಯಲ್ಲಿ. ಪುಟ್ಟಿಯ 5ನೇ ತರಗತಿ 2020–21. ಕೊರೊನಾ ವರ್ಷ. ವಿದ್ಯಾಗಮ ಅಂತ ಕೆಲವು ದಿನ ದೇವಸ್ಥಾನದ ಜಗಲಿಯಲ್ಲಿ ಪಾಠ ನಡೆಯಿತಂತೆ, ಮಿಕ್ಕಂತೆ ಮನೆ. ಮನೆಯಲ್ಲಿದ್ದದ್ದು ಒಂದು ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು.

ಹುಣಸೆ ಬೀಜ ಹರಡಿದೆ. ಹನ್ನೆರಡು ಬೀಜವನ್ನು ಸಾಲುಸಾಲಾಗಿ ಜೋಡಿಸು, ಯಾವ ಸಾಲೂ ಗಿಡ್ಡ ಆಗಬಾರದು ಎಂದೆ. 3 ಸಾಲು 4, 2 ಸಾಲು 6, 1 ಸಾಲು 12. ಏಳು ಬೀಜ ಕೊಟ್ಟೆ. ಬಹಳ ಹೊತ್ತು ಒದ್ದಾಡಿದಳು. "ಏಳು ಒಂದೇ ಸಾಲಲ್ಲಿ ನಿಲ್ಲುತ್ತೆ ಮೇಡಂ, ಹಟಮಾರಿ."

ಇದೆಲ್ಲ ಪಾಠ ಹೇಳುವವರ ಕೆಲಸ ಅಲ್ವಾ ಎಂದು ನನ್ನ ಸಹೋದ್ಯೋಗಿಗಳು ಕೇಳುವುದುಂಟು. ಉಸಿರಾಟದ ಅಭ್ಯಾಸ ನಾನೂ ಹೇಳಿಕೊಟ್ಟೆ. ಹೊಟ್ಟೆ ಹಿಂಡಿದಾಗ ನಿಧಾನಕ್ಕೆ ಉಸಿರು ಬಿಡುವುದು, ನೆಲಕ್ಕೆ ಪಾದ ಒತ್ತಿ ಕೂರುವುದು. ಅದು ಬೇಕು. ಆದರೆ ಲೆಕ್ಕ ಅರ್ಥವಾಗದೆ ಹೆದರಿದ ಮಗುವಿಗೆ ಬರೀ ಉಸಿರಾಟ ಕಲಿಸಿದರೆ, ಸೋರುವ ಮನೆಯಲ್ಲಿ ಕೊಡೆ ಹಿಡಿದು ಕೂತ ಹಾಗೆ.

ಮೂರನೇ ಭೇಟಿಯಲ್ಲಿ ನಾನು ಎಡವಿದೆ. ಹುಮ್ಮಸ್ಸಿನಲ್ಲಿ ನೇರವಾಗಿ ಕ² + 5ಕ + 6 ಬರೆದು, ಮಧ್ಯದ ಪದವನ್ನು, ಅಂದರೆ 5ಕ ಅನ್ನು, ಎರಡಾಗಿ ಒಡೆ ಎಂದೆ. ಹತ್ತು ನಿಮಿಷದಲ್ಲಿ ಪುಟ್ಟಿ ಹೊಟ್ಟೆ ಹಿಡಿದುಕೊಂಡಳು, ನನ್ನ ಕೋಣೆಯಲ್ಲೇ. ಪುಸ್ತಕ ಮುಚ್ಚಿ ಟೀ ತರಿಸಿದೆ. ಕರೆದೊಯ್ಯಲು ಆ ದಿನ ಅಪ್ಪ ಬಂದಿದ್ದರು. ಟೈಲ್ಸ್ ಹಾಕುವ ಕೆಲಸ, ಬೆರಳ ಸಂದಿಯಲ್ಲಿ ಇನ್ನೂ ಸಿಮೆಂಟು. ಒಳಗೆ ಬನ್ನಿ ಎಂದರೆ ಬಾಗಿಲಲ್ಲೇ ನಿಂತರು. "ನಂದು ಏಳನೇ ಕ್ಲಾಸಿಗೇ ನಿಂತೋಯ್ತು ಮೇಡಂ. ಇದೆಲ್ಲ ನಂಗೆ ತಿಳಿಯಲ್ಲ."

ಟೈಲ್ಸ್ ಅಂದ ಕೂಡಲೇ ನನಗೆ ದಾರಿ ಹೊಳೆಯಿತು. ರಟ್ಟಿನಲ್ಲಿ ಮೂರು ಥರ ಕತ್ತರಿಸಿಕೊಡಿ ಎಂದು ಕೇಳಿದೆ. 9 ಸೆಂ.ಮೀ. ಚೌಕ ಒಂದು. 9 ಉದ್ದ 2 ಅಗಲದ ಪಟ್ಟಿ ಐದು. 2 ಸೆಂ.ಮೀ.ಯ ಸಣ್ಣ ಚೌಕ ಆರು. ಇಲ್ಲಿ 9 ಎಂದದ್ದು ಬೇಕೆಂದೇ. 2ರ ಲೆಕ್ಕಕ್ಕೆ ಅದು ಸರಿಯಾಗಿ ಸಿಗಬಾರದು. ಸಿಕ್ಕರೆ ಮಕ್ಕಳು ಕ ಅಂದರೆ ಇಷ್ಟೇ ಚೂರು ಎಂದುಕೊಂಡುಬಿಡುತ್ತಾರೆ. 2 ಸೆಂ.ಮೀ. ಅನ್ನು 1 ಎಂದೂ 9 ಸೆಂ.ಮೀ. ಅನ್ನು ಕ ಎಂದೂ ಹಿಡಿದರೆ ದೊಡ್ಡದು ಕ², ಪಟ್ಟಿ ಕ, ಚೂರು 1.

"ಒಂದು ದೊಡ್ಡದು, ಐದು ಪಟ್ಟಿ, ಆರು ಚೂರು. ಎಲ್ಲ ಸೇರಿಸಿ ಒಂದು ರೂಮು ಮಾಡಬೇಕು" ಎಂದೆ.

"ಗ್ಯಾಪ್ ಇರಬಾರದು, ಪೀಸು ಉಳೀಬಾರದು. ಅಷ್ಟೇ ತಾನೇ?" ಅಪ್ಪ ನೆಲದ ಮೇಲೆ ಕೂತರು.

ದೊಡ್ಡ ಚೌಕದ ಬಲಕ್ಕೆ ನಾಲ್ಕು ಪಟ್ಟಿ, ಕೆಳಗೆ ಒಂದು ಇಟ್ಟರು. ಮೂಲೆಯ ಖಾಲಿ ಜಾಗಕ್ಕೆ ನಾಲ್ಕೇ ಚೂರು ಹಿಡಿದವು. "ಎರಡು ವೇಸ್ಟು." ಒಂದು ಪಟ್ಟಿಯನ್ನು ಬಲದಿಂದ ಕೆಳಗೆ ತಂದರು. ಈಗ ಬಲಕ್ಕೆ ಮೂರು, ಕೆಳಗೆ ಎರಡು. ಮೂಲೆಯಲ್ಲಿ ಮೂರೆರಡ್ಲ ಆರು ಚೂರು ಕೂತವು. ಪುಟ್ಟಿ ಅಂಚಿನ ಮೇಲೆ ಬೆರಳು ಓಡಿಸಿ ಅಳೆದಳು. ಒಂದು ಕಡೆ ಕ + 3, ಇನ್ನೊಂದು ಕಡೆ ಕ + 2. "ಓ, ಪಟ್ಟಿ ಕೂಡಿದ್ರೆ ಐದು, ಚೂರು ಗುಣಿಸಿದ್ರೆ ಆರು!" ಮೇಷ್ಟ್ರು ಬೋರ್ಡಿನಲ್ಲಿ ಹೇಳಿದ್ದೂ ಅದೇ ಮಾತು. ಆದರೆ ಯಾಕೆ ಒಂದನ್ನು ಕೂಡಬೇಕು, ಇನ್ನೊಂದನ್ನು ಗುಣಿಸಬೇಕು ಅಂತ ಅವಳಿಗೆ ಕಂಡದ್ದು ಆವತ್ತೇ.

ಟೈಲ್ಸಿನ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಮೈನಸ್ ಬಂದರೆ ಕೈಕೊಡುತ್ತದೆ. ಇಲ್ಲದ ಪಟ್ಟಿಯನ್ನು ಹೇಗೆ ಹಾಸುವುದು? ಕ² − ಕ − 6ಕ್ಕೆ ಜೋಡಿ ಬರೆಯುವುದೇ ಸರಿ. 6ರ ಜೋಡಿಗಳು 1 ಮತ್ತು 6, 2 ಮತ್ತು 3. ಗುಣಿಸಿದರೆ ಮೈನಸ್ ಬರಬೇಕು, ಅಂದರೆ ಒಂದಕ್ಕೆ ಮಾತ್ರ ಮೈನಸ್. ಹಾಗಾದರೆ ವ್ಯತ್ಯಾಸ 1 ಇರುವ ಜೋಡಿ ಬೇಕು, 2 ಮತ್ತು 3. ಮಧ್ಯದ ಪದ ಮೈನಸ್, ಆದ್ದರಿಂದ ದೊಡ್ಡದಕ್ಕೆ ಮೈನಸ್. (ಕ − 3)(ಕ + 2).

ಪುಟ್ಟಿಗೆ ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು ಒಂದೇ: ಉತ್ತರ ಸರಿಯಾ ಎಂದು ಯಾರ ಮುಖವನ್ನೂ ನೋಡಬೇಡ, ವಾಪಸ್ ಗುಣಿಸಿ ನೋಡು. ಅಪವರ್ತನದ ಲೆಕ್ಕಕ್ಕೆ ಈ ಒಂದು ಸುಖ ಇದೆ, ತನ್ನನ್ನು ತಾನೇ ಪರೀಕ್ಷಿಸಬಹುದು. ಪುರುಸೊತ್ತಿಲ್ಲದಿದ್ದರೆ ಕ ಜಾಗದಲ್ಲಿ 10 ಹಾಕು. 6ಕ + 6 ಆಗ 66. ನಿನ್ನ 6(ಕ) ಬರೀ 60. ತಪ್ಪು ತಾನೇ ಹೊರಗೆ ಬರುತ್ತದೆ. ಬೋರ್ಡಿನ ಮುಂದೆ ನಿಂತ ಮಗುವಿಗೆ ಇದು ಉಸಿರಾಟದ ಅಭ್ಯಾಸಕ್ಕಿಂತ ಜಾಸ್ತಿ ಧೈರ್ಯ ಕೊಡುತ್ತದೆ ಎಂಬುದು ನನ್ನ ಅನುಭವ. ಆಮೇಲೆ, 'ಸೊನ್ನೆಗೆ ಸಮ' ಎಂದು ಬರೆದಿಲ್ಲದಿದ್ದರೆ ಕ ಎಷ್ಟು ಎಂದು ಹುಡುಕಲು ಹೋಗಬೇಡ. ಈ ತಪ್ಪೂ ಅವಳ ಪೇಪರಿನಲ್ಲಿ ನಾಲ್ಕು ಕಡೆ ಇತ್ತು. ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲಿ ಸೊನ್ನೆ ಬರುತ್ತದೆ, ಆಗ ಹುಡುಕು. ದಿನಕ್ಕೊಂದು ಸಂಖ್ಯೆ ತಗೊಂಡು ಜೋಡಿ ಬರೆ. ಇವತ್ತು 36, ನಾಳೆ 48. ಗೈಡು ಒಂದು ತಿಂಗಳು ಬೀರುವಿನಲ್ಲಿರಲಿ.

ತಾಯಿಗೆ ಹೇಳಿದ್ದು ಎರಡು ಮಾತು. ನೋವು ಬಂದ ದಿನ ರಜೆ ಬೇಡ. ಸ್ವಲ್ಪ ತಡವಾದರೂ ಸರಿ, ಶಾಲೆಗೆ ಹೋಗಲಿ. ಮನೆಯಲ್ಲಿ ಉಳಿದರೆ ಹೊಟ್ಟೆಗೆ ಆ ಕ್ಷಣ ಆರಾಮ, ಮುಂದಿನ ಸೋಮವಾರ ಭಯ ಇನ್ನಷ್ಟು ಬಲಿಯುತ್ತದೆ. ಎರಡನೆಯದು, "ನಂಗೂ ಲೆಕ್ಕ ಬರ್ತಿರಲಿಲ್ಲ, ಅದೇ ಬಂದಿದೆ ಬಿಡು" ಎನ್ನುವುದನ್ನು ನಿಲ್ಲಿಸಿ. ನೀವು ಸಮಾಧಾನಕ್ಕೆ ಹೇಳುತ್ತೀರಿ, ಅವಳಿಗೆ ಅದು ಬಿಪಿ, ಶುಗರ್ ಥರ ಕೇಳಿಸುತ್ತದೆ. ತಾಯಿ ಸ್ವಲ್ಪ ನೊಂದುಕೊಂಡರು. ಆದರೆ ನಿಲ್ಲಿಸಿದರು.

ಪುಟ್ಟಿಯ ಒಪ್ಪಿಗೆ ಪಡೆದು ಮೇಷ್ಟ್ರನ್ನೂ ಭೇಟಿಯಾದೆ. ಒಂದು ತಿಂಗಳ ಕಾಲ, ಮುಂಚೆ ತಿಳಿಸದೆ ಅವಳನ್ನು ಬೋರ್ಡಿಗೆ ಕರೆಯಬೇಡಿ ಎಂದು ಕೇಳಿದೆ, ಒಪ್ಪಿದರು. 'ತೆಗಿ'ಯ ಕಥೆ ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು. "ಇಷ್ಟು ವರ್ಷದಿಂದ ಹಾಗೇ ಹೇಳ್ಕೊಂಡು ಬಂದಿದ್ದೀನಲ್ರೀ." ಮಾರನೇ ದಿನ ಇಡೀ ಕ್ಲಾಸಿಗೆ 6ಕ + 6 ಕೊಟ್ಟು ನೋಡಿದರಂತೆ. ಬಿಡಿ ಚಕ್ಕುಲಿ ಕಳೆದುಕೊಂಡವಳು ಪುಟ್ಟಿ ಒಬ್ಬಳೇ ಅಲ್ಲ.

ಅಂಕ ಆಕಾಶಕ್ಕೇನೂ ಏರಲಿಲ್ಲ. ಕಿರುಪರೀಕ್ಷೆಯಲ್ಲಿ 20ಕ್ಕೆ 3 ಬರುತ್ತಿದ್ದದ್ದು 9 ಆಯಿತು. ಹೊಟ್ಟೆನೋವು ಅಕ್ಟೋಬರ್ ತಿಂಗಳಲ್ಲಿ ಎರಡೇ ಸಲ ಬಂತು, ಅದರಲ್ಲಿ ಒಂದು ದಸರಾ ರಜೆಯ ಹೋಳಿಗೆಯಿಂದ.

ಕೊನೆಯ ಭೇಟಿಗೆ ಅವಳು ಚೀಲದಲ್ಲಿ ರಟ್ಟಿನ ಚೂರುಗಳನ್ನು ತಂದಿದ್ದಳು. ಕ² + 3ಕ + 3 ಎಂದು ತಾನೇ ಒಂದು ಲೆಕ್ಕ ಮಾಡಿಕೊಂಡಿದ್ದಳಂತೆ. ಏನು ಮಾಡಿದರೂ ರೂಮು ಆಗಲಿಲ್ಲ. ರಾತ್ರಿ ಹತ್ತೂವರೆವರೆಗೆ ಅಪ್ಪನೂ ಕೂತು ಜೋಡಿಸಿದರಂತೆ.

"ಇದು ಏಳರ ಥರ ಅಲ್ವಾ ಮೇಡಂ? ಹಟಮಾರಿ."

"ಹೌದು. ಅಪ್ಪ ಏನಂದ್ರು?"

"ಒಂದು ಪಟ್ಟಿ ಶಾರ್ಟ್ ಇದೆ, ಅಂಗಡಿಗೆ ಹೋಗಿ ತಗೊಂಡು ಬಾ ಅಂದ್ರು."

ನಾನು ಲೆಕ್ಕ ಹಾಕಿ ನೋಡಿದೆ. ಕ² + 4ಕ + 3. ಅವರು ಹೇಳಿದ್ದು ಸರಿಯಿತ್ತು.