ಮೂಗಿನ ಅಲರ್ಜಿಗೆ ಚರ್ಮದ ಟೆಸ್ಟೋ, ರಕ್ತದ ಟೆಸ್ಟೋ?

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ, ಊರು ದಾವಣಗೆರೆ. ಬೆಳಗ್ಗೆ ಎದ್ದ ಕೂಡಲೇ ಸೀನು ಶುರುವಾಗುತ್ತೆ, ಮೂಗು ಸೋರುತ್ತೆ, ಕಣ್ಣು ಕಡಿಯುತ್ತೆ. ಕಸ ಗುಡಿಸಿದರಂತೂ ಕೇಳಲೇಬೇಡಿ. ದಿನಾ ರಾತ್ರಿ ಸಿಟ್ರಿಜಿನ್ ಅನ್ನೋ ಅಲರ್ಜಿ ಮಾತ್ರೆ ಬೇಕೇ ಬೇಕು. ಇಎನ್‌ಟಿ ಡಾಕ್ಟರು ಚರ್ಮದ ಟೆಸ್ಟ್ ಮಾಡಿಸಿ ಅಂತಾರೆ. ಲ್ಯಾಬಿನವರು ರಕ್ತ ಕೊಟ್ಟರೆ ಸಾಕು, ಊಟ-ತಿಂಡಿ, ಧೂಳು ಎಲ್ಲದರ ಅಲರ್ಜಿ ಗೊತ್ತಾಗುವ ಪ್ಯಾಕೇಜ್ ಇದೆ ಅಂತಾರೆ. ಯಾವುದು ಸರಿ? ಮೊಸರು ಬಿಡಬೇಕಾ?

ಉತ್ತರ: ಚರ್ಮದ ಟೆಸ್ಟ್ ಮಾಡಿಸಿ. ಆ ಪ್ಯಾಕೇಜ್ ಬೇಡ. ಮೊಸರನ್ನೂ ಬಿಡಬೇಡಿ.

ಎರಡೂ ಟೆಸ್ಟ್ ಹುಡುಕುವುದು ಐಜಿಇ ಅನ್ನುವ ಒಂದೇ ಪ್ರತಿಕಾಯವನ್ನು, ಅಂದರೆ ಅಲರ್ಜಿ ತರುವ ವಸ್ತುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನನ್ನು. ಚರ್ಮದ ಟೆಸ್ಟಿನಲ್ಲಿ ಮುಂಗೈ ಒಳಭಾಗದ ಮೇಲೆ ಧೂಳಿನ ನುಸಿ (ಮನೆಯ ಧೂಳಲ್ಲಿರುವ, ಕಣ್ಣಿಗೆ ಕಾಣದ ಹುಳು), ಜಿರಲೆ, ಬೂಷ್ಟು, ಕಾಂಗ್ರೆಸ್ ಗಿಡದ ಪರಾಗ ಹೀಗೆ ಒಂದೊಂದರದ್ದೂ ಒಂದೊಂದು ಹನಿ ಹಾಕಿ ಮೇಲಿಂದ ಸಣ್ಣಗೆ ಚುಚ್ಚುತ್ತಾರೆ, ರಕ್ತ ಬರುವಷ್ಟು ಅಲ್ಲ. 15-20 ನಿಮಿಷ ಕಾದು ನೋಡುತ್ತಾರೆ. ಬರೀ ಉಪ್ಪುನೀರು ಚುಚ್ಚಿದ ಜಾಗಕ್ಕಿಂತ 3 ಮಿ.ಮೀ. ಅಥವಾ ಅದಕ್ಕೂ ದೊಡ್ಡ ಗಂಧೆ ಎದ್ದರೆ ಪಾಸಿಟಿವ್. ನೀವು ಮನೆಗೆ ಹೊರಡುವ ಮುಂಚೆಯೇ ಉತ್ತರ ಕೈಯಲ್ಲಿರುತ್ತೆ, ಸಾಮಾನ್ಯವಾಗಿ ಖರ್ಚೂ ಕಡಿಮೆ.

ಒಂದೇ ತೊಡಕು, ನಿಮ್ಮ ಸಿಟ್ರಿಜಿನ್. ಅದು ಒಳಗಿದ್ದರೆ ಗಂಧೆ ಏಳುವುದೇ ಇಲ್ಲ, ಅಲರ್ಜಿ ಇದ್ದರೂ ಇಲ್ಲ ಅಂತ ತೋರಿಸಿಬಿಡುತ್ತೆ. ಹಾಗಾಗಿ ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ನೆಗಡಿ, ಕೆಮ್ಮಿನ ಎಷ್ಟೋ ಔಷಧಿಗಳಲ್ಲೂ ಇದೇ ಜಾತಿಯ ಮದ್ದು ಸೇರಿರುತ್ತೆ, ನೀವು ತೆಗೆದುಕೊಳ್ಳುವುದೆಲ್ಲವನ್ನೂ ಡಾಕ್ಟರಿಗೆ ತೋರಿಸಿ.

ಮಾತ್ರೆ ನಿಲ್ಲಿಸಲು ಆಗುವುದೇ ಇಲ್ಲ, ಅಥವಾ ಮೈತುಂಬ ಎಕ್ಸಿಮಾ (ಇಸುಬು) ಇದೆ, ಉಬ್ಬಸ ಹತೋಟಿಯಲ್ಲಿಲ್ಲ, ಗರ್ಭಿಣಿ, ಬಿಪಿಗೆ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ತಗೋತಿದ್ದಾರೆ, ಇಂಥವರಿಗೆ ರಕ್ತದ ಟೆಸ್ಟೇ ವಾಸಿ. ಅದಕ್ಕೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಕಿಲ್ಲ. ಆದರೆ ಅಲ್ಲೂ ಅನುಮಾನ ಇರುವ ನಾಲ್ಕೈದು ವಸ್ತುಗಳಿಗೆ ಮಾತ್ರ ನೋಡಿಸಬೇಕು. ಟೋಟಲ್ ಐಜಿಇ, ಅಂದರೆ ರಕ್ತದಲ್ಲಿರುವ ಒಟ್ಟು ಐಜಿಇ ಪ್ರಮಾಣ ಒಂದನ್ನೇ ಹಿಡಿದು ಏನನ್ನೂ ಹೇಳಲು ಬರುವುದಿಲ್ಲ, ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಅದು ಏರುತ್ತೆ.

ಈ ದೊಡ್ಡ ಪ್ಯಾಕೇಜುಗಳ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. ಪಾಸಿಟಿವ್ ಅಂದರೆ ದೇಹ ಆ ವಸ್ತುವನ್ನು ಗುರುತು ಹಿಡಿದಿದೆ ಅಂತಷ್ಟೇ, ಕಾಯಿಲೆ ಅದರಿಂದಲೇ ಬಂದಿದೆ ಅಂತಲ್ಲ. ದಿನಾ ತಿಂದು ಅರಗಿಸಿಕೊಂಡ ಶೇಂಗಾ, ಬದನೆಕಾಯಿ, ಮೊಸರನ್ನು ಒಂದು ಕಾಗದ ನೋಡಿ ಬಿಟ್ಟು, ಸೀನು ಮಾತ್ರ ಹಾಗೇ ಉಳಿಸಿಕೊಂಡವರು ತುಂಬ ಜನ ಇದ್ದಾರೆ. ದೊಡ್ಡವರಲ್ಲಿ ಬರೀ ಸೀನು, ಮೂಗು ಸೋರುವುದಕ್ಕೆ ಊಟ ಕಾರಣವಾಗುವುದು ತೀರಾ ಅಪರೂಪ. ಐಜಿಇ ಬಿಟ್ಟು ಐಜಿಜಿ ಅನ್ನುವ ಬೇರೆ ಪ್ರತಿಕಾಯ ನೋಡಿ ಆಹಾರದ ಅಲರ್ಜಿ ಹೇಳುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ. ನೀವು ಹೇಳಿದ ಬೆಳಗಿನ ಸೀನು, ಗುಡಿಸುವಾಗ ಜಾಸ್ತಿಯಾಗುವುದು, ಇವು ಧೂಳಿನ ನುಸಿಯ ಕಡೆ ಬೆರಳು ತೋರಿಸುತ್ತವೆ. ಟೆಸ್ಟ್ ಅದನ್ನೇ ಹೇಳಿದರೆ ಆಗ ನಂಬಬಹುದು.

ಅಷ್ಟರವರೆಗೆ ಸುಮ್ನೆ ನರಳಬೇಡಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಬಗ್ಗೆ ನಿಮ್ಮ ಡಾಕ್ಟರನ್ನು ಈಗಲೇ ಕೇಳಿ. ಅದರಿಂದ ಚರ್ಮದ ಟೆಸ್ಟ್ ಕೆಡುವುದಿಲ್ಲ, ಸಿಟ್ರಿಜಿನ್ ನಿಲ್ಲಿಸಿದ ಆ ವಾರವನ್ನು ದಾಟಲೂ ಅದೇ ಆಸರೆ.