ವಯಸ್ಸಾದವರ ಕಾಲು ಸೋಲುವುದಕ್ಕೆ ಮೈಟೊಕಾಂಡ್ರಿಯ ಕಾರಣವೋ, ಉರಿಯೂತ ಕಾರಣವೋ?

72 ವರ್ಷದ ನಿಮ್ಮ ತಾಯಿಯವರಿಗೆ ಕುರ್ಚಿಯಿಂದ ಏಳುವುದು ಕಷ್ಟವಾಗುತ್ತಿದೆ, ರಕ್ತಪರೀಕ್ಷೆಯಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ತುಸು ಹೆಚ್ಚಿದೆ. ಹಾಗಿದ್ದರೆ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಕ್ಕೆ ಮಾತ್ರೆ ಕೊಡಬೇಕೋ, ಉರಿಯೂತಕ್ಕೆ ಕೊಡಬೇಕೋ ಎಂದು ಕೇಳಿದ್ದೀರಿ. ಹಿರಿಯರಿಗೆ ಫಿಸಿಯೋಥೆರಪಿ ನೀಡುವುದೇ ನನ್ನ ವೃತ್ತಿ. ಇವೆರಡೂ ಒಂದನ್ನೊಂದು ಕೆಡಿಸುತ್ತ ಸಾಗುವಂಥವು. ಬೇರ್ಪಡಿಸಿ ಒಂದಕ್ಕೆ ಮಾತ್ರೆ ಹುಡುಕುವುದರಲ್ಲಿ ನನಗೆ ಭರವಸೆಯಿಲ್ಲ.

ಇವುಗಳ ನಂಟು ಮೈಟೊಕಾಂಡ್ರಿಯದ ಹುಟ್ಟಿನಲ್ಲೇ ಇದೆ. ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಅದು ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯ. ಮತ್ತೊಂದು ಜೀವಕೋಶದೊಳಗೆ ನೆಲೆಸಿದ ಮೇಲೂ ಅದು ತನ್ನದೇ ಡಿಎನ್‌ಎಯನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ನಮ್ಮಲ್ಲಿ ಆ ಡಿಎನ್‌ಎ 37 ಜೀನ್‌ಗಳಿರುವ ಪುಟ್ಟ ಉಂಗುರದಂತಿದೆ. ಹಾಳಾದ ಮೈಟೊಕಾಂಡ್ರಿಯಗಳನ್ನು ತೆರವುಗೊಳಿಸುವ ಮೈಟೊಫೇಜಿ ಎಂಬ ಕೆಲಸ ವಯಸ್ಸಾದಂತೆ ಮಂದವಾಗುತ್ತದೆ. ಆಗ ಆ ಡಿಎನ್‌ಎ ಚೂರುಗಳು ಹೊರಗೆ ಸೋರಿದರೆ, ನಮ್ಮ ರೋಗನಿರೋಧಕ ವ್ಯವಸ್ಥೆ ಅವನ್ನು ನಮ್ಮವೆಂದು ಗುರುತಿಸದೆ, ಸೋಂಕು ತಗುಲಿದಾಗ ಮಾಡುವಂತೆಯೇ ಐಎಲ್-6, ಟಿಎನ್‌ಎಫ್‌ನಂಥ ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತದೆ. ಜ್ವರವಿಲ್ಲದೆ, ನೋವಿಲ್ಲದೆ, ವರ್ಷಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಇರುವ ಈ ಸ್ಥಿತಿಗೆ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ‘ಇನ್‌ಫ್ಲಮೇಜಿಂಗ್’ ಎಂದು ಹೆಸರಿಟ್ಟರು. ಅವೇ ಸಂಕೇತಗಳು ತಿರುಗಿ ಸ್ನಾಯುವಿನ ಪ್ರೋಟೀನ್ ಕಟ್ಟುವಿಕೆಗೂ ಮೈಟೊಕಾಂಡ್ರಿಯದ ಕೆಲಸಕ್ಕೂ ಅಡ್ಡಿಯಾಗುತ್ತವೆ. ಸುಸ್ತಾದವರು ಕೂತೇ ಇರುತ್ತಾರೆ, ಕೂತಷ್ಟೂ ಸ್ನಾಯು ಇನ್ನಷ್ಟು ಸೊರಗುತ್ತದೆ.

ಇದು ಕಣ್ಣಿಗೆ ಕಾಣುವುದು ನಾವು ಮಾಡಿಸುವ ಒಂದು ಸರಳ ಪರೀಕ್ಷೆಯಲ್ಲಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆಯೇ ಎಂದು ಶಂಕಿಸುತ್ತೇವೆ. ಮೊದಲೆರಡು ಸಲ ಸಲೀಸಾಗಿ ಎದ್ದವರೇ ಮೂರನೆಯ ಸಲಕ್ಕೆ ಮುಂದಕ್ಕೆ ಬಾಗಿ ಒಮ್ಮೆ ತೂಗಿಕೊಳ್ಳುತ್ತಾರೆ, ನಾಲ್ಕನೆಯದಕ್ಕೆ ತೊಡೆ ನಡುಗುತ್ತದೆ, ಕಟ್ಟಿದ ಕೈ ತಾನಾಗಿ ಬಿಚ್ಚಿ ಕುರ್ಚಿಯ ಹಿಡಿಯನ್ನು ಹುಡುಕುತ್ತದೆ. ಆರಂಭದ ಕ್ಷಣಗಳ ಶಕ್ತಿ ಸ್ನಾಯುವಿನಲ್ಲಿರುವ ಫಾಸ್ಫೋಕ್ರಿಯಾಟಿನ್ ಎಂಬ ಸಣ್ಣ ಉಳಿತಾಯದ ಗಂಟಿನಿಂದ ಬರುತ್ತದೆ. ಖರ್ಚಾದ ಆ ಗಂಟನ್ನು ಮತ್ತೆ ತುಂಬುವುದು ಮೈಟೊಕಾಂಡ್ರಿಯ. ಅದು ಬೇಗ ತುಂಬಿಕೊಳ್ಳುವ ಹಿರಿಯರು ಚುರುಕಾಗಿ ನಡೆಯುವುದು ಸ್ನಾಯುವಿನೊಳಗಿನ ರಾಸಾಯನಿಕಗಳನ್ನು ಹೊರಗಿನಿಂದಲೇ ಅಳೆಯುವ ಎಂಆರ್ ಸ್ಪೆಕ್ಟ್ರೋಸ್ಕೋಪಿ ಅಧ್ಯಯನಗಳಲ್ಲಿ ಕಂಡುಬಂದಿದೆ.

ಮಾತ್ರೆಯ ವಿಷಯಕ್ಕೆ ಬಂದರೆ, 2019ರಲ್ಲಿ ಪ್ರಕಟವಾದ ಎನರ್ಜೈಸ್ ಎಂಬ ಪ್ರಯೋಗದಲ್ಲಿ, ಐಎಲ್-6 ಹೆಚ್ಚಿದ್ದು ನಡಿಗೆ ಕುಂದಿದ 70 ದಾಟಿದವರಿಗೆ ಉರಿಯೂತ ತಗ್ಗೀತೇ ಎಂದು ಒಂದು ವರ್ಷ ಮೀನೆಣ್ಣೆಯನ್ನೋ ರಕ್ತದೊತ್ತಡದ ಔಷಧಿಯಾದ ಲೊಸಾರ್ಟನ್ ಅನ್ನೋ ಕೊಟ್ಟು ನೋಡಿದರು. ಐಎಲ್-6 ಇಳಿಯಲಿಲ್ಲ, ನಡಿಗೆಯ ವೇಗವೂ ಸುಧಾರಿಸಲಿಲ್ಲ. ಆದರೆ 2014ರಲ್ಲಿ ಪ್ರಕಟವಾದ ಲೈಫ್ ಅಧ್ಯಯನದಲ್ಲಿ, 70ರಿಂದ 89 ವರ್ಷದ 1,635 ಮಂದಿಯ ಪೈಕಿ ನಡಿಗೆ, ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿದವರಲ್ಲಿ, ಬರಿಯ ಆರೋಗ್ಯ ಶಿಕ್ಷಣ ಪಡೆದವರಿಗಿಂತ, 400 ಮೀಟರ್ ನಡೆಯಲಾಗದ ಸ್ಥಿತಿಗೆ ಬೀಳುವ ಅಪಾಯ ಶೇ. 18ರಷ್ಟು ಕಡಿಮೆಯಿತ್ತು. ದುಡಿಯುವ ಸ್ನಾಯು ವಯಸ್ಸಾದ ಮೇಲೂ ಹೊಸ ಮೈಟೊಕಾಂಡ್ರಿಯಗಳನ್ನು ಕಟ್ಟಿಕೊಳ್ಳುತ್ತದೆ ಎಂಬುದೇ ನನಗೆ ಈ ವಿಷಯದಲ್ಲಿ ಅತ್ಯಂತ ಸಮಾಧಾನ ಕೊಡುವ ಸಂಗತಿ.

ಮೊದಲು ವೈದ್ಯರಿಗೆ ತೋರಿಸಿ, ಏಕೆಂದರೆ ವಸಡಿನ ಸೋಂಕು, ಸಂಧಿವಾತ ಇವುಗಳಿಂದಲೂ ಸಿಆರ್‌ಪಿ ಏರಬಹುದು. ಅವರು ಒಪ್ಪಿದರೆ ಗೋಡೆಗೆ ಆನಿಸಿಟ್ಟ ಎತ್ತರದ ಕುರ್ಚಿಯಿಂದ ಶುರುಮಾಡಿ, ನೀವು ಪಕ್ಕದಲ್ಲೇ ನಿಂತಿರಿ. ಕೈ ಊರಿ ಏಳಲಿ, ಪರವಾಗಿಲ್ಲ. ಊರದೆ ಐದು ಸಲ ಏಳಲು ಬಂದ ಮೇಲೆ ಸ್ವಲ್ಪ ತಗ್ಗಿನ ಕುರ್ಚಿ ಕೊಡಿ.